ಮೊದಲ ಸಂಬಳ ಬಂತು, ದುಡ್ಡು ಎಲ್ಲಿ ಹಾಕಲಿ? ಹೂಡಿಕೆ ಶುರು ಮಾಡೋ ಮುಂಚಿನ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರ ಅತಿಥಿ ಯಾರೂ ಇಲ್ಲ, ನಾನೊಬ್ಬನೇ ಮಾತಾಡ್ತೀನಿ. ಅದಕ್ಕೆ ಕಾರಣ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್. ಅದರಲ್ಲಿದ್ದದ್ದು ಇಷ್ಟು:

"ಸರ್, ನನಗ 24 ವರ್ಷ. ಹಾವೇರಿ ಕಡೆಯಾಕಿ. ಬೆಂಗಳೂರಾಗ ಕೆಲಸಕ್ಕ ಸೇರಿ ಆರು ತಿಂಗಳಾತು. ಕೈಗೆ 26 ಸಾವಿರ ಬರ್ತದ. ಆಫೀಸಿನಾಗ ಎಲ್ಲಾರೂ ಎಸ್‌ಐಪಿ ಅಂತಾರ. ಒಬ್ರು ಆಪ್ಷನ್ ಟ್ರೇಡಿಂಗ್ ಗ್ರೂಪಿಗೆ ಸೇರಿಸ್ಯಾರ. ಊರಾಗ ಮಾಮ ಪಾಲಿಸಿ ಮಾಡ್ಸು ಅಂತಾರ. ಅವ್ವ ಚೀಟಿ ಹಾಕು ಅಂತಾಳ. ನಾ ಮೊದಲ ಏನ್ ಮಾಡ್ಲಿ ಹೇಳ್ರಿ."

ಈ ಮೆಸೇಜನ್ನ ನಾಲ್ಕೈದು ಸಲ ಕೇಳಿಸಿಕೊಂಡೆ. 'ಯಾವುದರಲ್ಲಿ ಹಾಕಲಿ' ಅಂತ ಕೇಳೋರು ಬಹಳ ಜನ. ಈ ಹುಡುಗಿ ಕೇಳಿದ್ದು 'ಮೊದಲು ಏನು ಮಾಡಲಿ' ಅಂತ. ನಾನು ಆ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳಲಿಲ್ಲ. ಹಾಗಾಗಿ ಏನಾಯ್ತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ನಾನು ಮಾಡಿದ ತಪ್ಪು

ನಾನು ಕೆಲಸಕ್ಕೆ ಸೇರಿದ್ದು 2017ರಲ್ಲಿ. 2018ರ ಜನವರಿಯಿಂದ ತಿಂಗಳಿಗೆ 5 ಸಾವಿರ ರೂಪಾಯಿ ಎಸ್‌ಐಪಿ ಶುರು ಮಾಡಿದೆ. ಹಾಕಿದ್ದು ನಿಫ್ಟಿ ಇಂಡೆಕ್ಸ್ ಫಂಡ್‌ಗೆ. ಆಯ್ಕೆಯಲ್ಲಿ ತಪ್ಪೇನಿರಲಿಲ್ಲ, ಇವತ್ತೂ ಅದನ್ನೇ ಹೇಳ್ತೀನಿ. ಒಂದು ಕಂತೂ ತಪ್ಪಿಸಲಿಲ್ಲ. ಆದರೆ ಉಳಿದ ದುಡ್ಡೆಲ್ಲ ಖರ್ಚಾಗ್ತಿತ್ತು. 2020ರ ಮಾರ್ಚ್ ಹೊತ್ತಿಗೆ ನನ್ನ ಉಳಿತಾಯ ಖಾತೆಯಲ್ಲಿದ್ದದ್ದು 11 ಸಾವಿರ ರೂಪಾಯಿ.

ಆ ಮಾರ್ಚ್ ನಿಮಗೂ ನೆನಪಿರುತ್ತೆ. ಜನವರಿಯಲ್ಲಿ 42 ಸಾವಿರ ದಾಟಿದ್ದ ಸೆನ್ಸೆಕ್ಸ್, ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ, ಅಂದರೆ ಸುಮಾರು ಶೇ.13ರಷ್ಟು ಬಿದ್ದು 26 ಸಾವಿರಕ್ಕಿಂತ ಕೆಳಗೆ ಬಂತು. ಮಾರ್ಚ್ 25ರಿಂದ ಲಾಕ್‌ಡೌನ್. ಅವತ್ತೇ ಯುಗಾದಿ.

ತಿಪಟೂರಿನಲ್ಲಿ ನಮ್ಮಪ್ಪನದು ಚಿಕ್ಕ ಬಟ್ಟೆ ಅಂಗಡಿ. ಯುಗಾದಿಗೆ, ಮದುವೆ ಸೀಸನ್‌ಗೆ ಅಂತ ಚಿಕ್ಕಪೇಟೆಯಿಂದ ಸಾಲದ ಮೇಲೆ ಮಾಲು ತಂದಿದ್ದರು. ಹಬ್ಬದ ದಿನವೇ ಅಂಗಡಿ ಬಾಗಿಲು ಮುಚ್ಚಿತು. ಏಪ್ರಿಲ್ ಮೊದಲ ವಾರ ನನ್ನ ಕಂಪನಿಯಿಂದ ಫೋನ್ ಬಂತು, ಈ ತಿಂಗಳಿಂದ ಅರ್ಧ ಸಂಬಳ ಅಂತ. ಅದೇ ವಾರ ಅಪ್ಪನೂ ಫೋನ್ ಮಾಡಿದರು. ಅವರು ಯಾವತ್ತೂ ದುಡ್ಡು ಕೇಳಿದವರಲ್ಲ. "ಹೋಲ್‌ಸೇಲ್‌ನೋರು ದಿನಾ ಫೋನ್ ಮಾಡ್ತಾವ್ರೆ ಮಗಾ, ಒಂದು 80 ಸಾವಿರ ಹೊಂದಿಸಕ್ಕಾಗುತ್ತಾ?" ಅಂದರು.

ಹೊಂದಿಸಿದೆ. ಎಲ್ಲಿಂದ? ಆ ಫಂಡ್ ಪೂರ್ತಿ ಮಾರಿ. 27 ತಿಂಗಳು ಕಟ್ಟಿದ್ದು 1 ಲಕ್ಷದ 35 ಸಾವಿರ. ಕೈಗೆ ಬಂದದ್ದು 1 ಲಕ್ಷದ 2 ಸಾವಿರದ ಹತ್ತಿರ. ಅದೇ ವರ್ಷ ನವೆಂಬರ್‌ನಲ್ಲಿ ನಿಫ್ಟಿ ತನ್ನ ಹಳೆಯ ಎತ್ತರವನ್ನ ದಾಟಿ ಹೊಸ ದಾಖಲೆ ಮಾಡಿತು. ಇನ್ನು ಏಳೆಂಟು ತಿಂಗಳು ಸುಮ್ಮನೆ ಬಿಟ್ಟಿದ್ದರೆ ಅದೇ ದುಡ್ಡು ಒಂದೂವರೆ ಲಕ್ಷದ ಆಸುಪಾಸು ಇರ್ತಿತ್ತು.

ಇಲ್ಲಿ ಫಂಡ್‌ನದೂ ತಪ್ಪಿಲ್ಲ, ಅಪ್ಪನದೂ ತಪ್ಪಿಲ್ಲ. ಮಾರೋ ದಿನವನ್ನ ನಾನು ಆರಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ, ಅಷ್ಟೇ. ನಮ್ಮಂಥವರಿಗೆ ಷೇರು ಮಾರುಕಟ್ಟೆಯಲ್ಲಿ ನಷ್ಟ ಆಗೋದು ಹೆಚ್ಚಾಗಿ ಹೀಗೇ. ಬೆಲೆ ಬಿದ್ದದ್ದರಿಂದಲ್ಲ, ಬಿದ್ದಾಗ ಮಾರಲೇಬೇಕಾಗಿ ಬಂದದ್ದರಿಂದ. ಮಾರುಕಟ್ಟೆ ಬೀಳೋ ಕಾಲಕ್ಕೇ ಕೆಲಸ ಹೋಗೋದು, ಸಂಬಳ ಕಡಿತ ಆಗೋದು, ವ್ಯಾಪಾರ ಕೂರೋದು. ಎಲ್ಲ ಒಟ್ಟಿಗೇ ಬರ್ತವೆ.

ಅದಾದ ಮೇಲೆ ಎರಡು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. 33 ಸಾವಿರಕ್ಕಿಂತ ಆ ಎರಡು ವರ್ಷವೇ ದೊಡ್ಡ ನಷ್ಟ. ಅಪ್ಪನಿಗೆ ವಿಷಯ ಹೇಳಿದ್ದು ಆಮೇಲೆ, 2022ರಲ್ಲಿ. ಅವರು ಬೈಯಲಿಲ್ಲ. "ಗಲ್ಲಾದಲ್ಲಿ ಚಿಲ್ಲರೆ ಇಟ್ಕೊಳ್ದೆ ಯಾರಾದ್ರೂ ಅಂಗಡಿ ಬಾಗಿಲು ತೆಗೀತಾರೇನೋ?" ಅಂದರು ಅಷ್ಟೇ.

ಹಾಗಾದರೆ ಮೊದಲು ಏನು?

ಹಾವೇರಿಯ ಆ ಕೇಳುಗರ ಖರ್ಚಿನ ವಿವರ ಕೇಳಿ ತರಿಸಿಕೊಂಡೆ. ಪಿಜಿಗೆ 8,500. ಬಸ್ಸು, ಫೋನು, ಹೊರಗಿನ ಊಟ, ಔಷಧಿ ಎಲ್ಲ ಸೇರಿ 6,500. ಊರಿಗೆ 4 ಸಾವಿರ. ಅಲ್ಲಿಗೆ ತಪ್ಪಿಸಲಾಗದ ಖರ್ಚು 19 ಸಾವಿರ. ಬಟ್ಟೆ, ಸಿನಿಮಾ, ಗೆಳತಿಯರ ಜೊತೆ ತಿರುಗಾಟ ಅಂತ 2 ಸಾವಿರ. ಉಳಿಯೋದು 5 ಸಾವಿರ.

ಮೊದಲ ಹೆಜ್ಜೆ, ದುಬಾರಿ ಸಾಲ ಇದೆಯಾ ನೋಡಿ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡರೆ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ.3ರ ಮೇಲೇ ಇರುತ್ತೆ, ಅಂದರೆ ವರ್ಷಕ್ಕೆ ಶೇ.36ಕ್ಕೂ ಹೆಚ್ಚು. ಅಷ್ಟು ಲಾಭ ವರ್ಷವರ್ಷವೂ ಕೊಡ್ತೀನಿ ಅನ್ನೋ ಹೂಡಿಕೆ ಪ್ರಪಂಚದಲ್ಲಿ ಇಲ್ಲ. ಇದ್ದರೆ ಅದು ಮೋಸ. ಹಾಗಾಗಿ ಕಾರ್ಡ್ ಬಾಕಿ ಇದ್ದವರಿಗೆ ಅದನ್ನ ತೀರಿಸೋದೇ ಅತ್ಯುತ್ತಮ ಹೂಡಿಕೆ. ಇವರಿಗೆ ಸಾಲ ಇಲ್ಲ, ಒಳ್ಳೇದಾಯ್ತು.

ಎರಡನೇ ಹೆಜ್ಜೆ, ಅಪ್ಪ ಹೇಳಿದ ಗಲ್ಲಾದ ಚಿಲ್ಲರೆ. ಕನಿಷ್ಠ ಮೂರು ತಿಂಗಳ ಖರ್ಚು, ಆದರೆ ಆರು ತಿಂಗಳದು. ಇಲ್ಲಿ ಒಂದು ಮಾತು. ಈ ವಿಷಯದ ಬಹಳಷ್ಟು ವಿಡಿಯೊಗಳಲ್ಲಿ ನಿಮ್ಮೊಬ್ಬರ ಖರ್ಚನ್ನ ಮಾತ್ರ ಲೆಕ್ಕ ಹಾಕ್ತಾರೆ. ನಮ್ಮಲ್ಲಿ ಊರಿಗೆ ಕಳಿಸೋದೂ ಖರ್ಚೇ. ಕೆಲಸ ಹೋದ ತಿಂಗಳೂ ಅಲ್ಲಿ ರೇಷನ್ ತರಲೇಬೇಕು. ಹಾಗಾಗಿ ಇವರಿಗೆ 19 ಸಾವಿರ ಗುಣಿಸು ಮೂರು, 57 ಸಾವಿರ ಬೇಕು. ತಿಂಗಳಿಗೆ 4,500 ಎತ್ತಿಟ್ಟರೆ 13 ತಿಂಗಳು ಹಿಡಿಯುತ್ತೆ.

ಹೌದು, ಒಂದು ವರ್ಷಕ್ಕೂ ಹೆಚ್ಚು. ಬೇಜಾರಾಗುತ್ತೆ, ಗೊತ್ತು. ಪಕ್ಕದ ಸೀಟಿನವರು ಮೊಬೈಲಲ್ಲಿ ಹಸಿರು ಬಣ್ಣದ ಲಾಭ ತೋರಿಸುವಾಗ ನಿಮ್ಮದು ಬರೀ ಬ್ಯಾಂಕ್ ಬ್ಯಾಲೆನ್ಸ್. ಅದಕ್ಕೇ ಉಳಿದ 500 ರೂಪಾಯಿಗೆ ಒಂದು ಎಸ್‌ಐಪಿ ಈಗಲೇ ಶುರು ಮಾಡಿ ಅಂತೀನಿ. ಲಾಭಕ್ಕಲ್ಲ, ಏರಿಳಿತ ನೋಡಿ ಅಭ್ಯಾಸ ಆಗಲಿ ಅಂತ.

ಈ ತುರ್ತು ಹಣ ಎಲ್ಲಿಡೋದು?

ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ. ಉಳಿದದ್ದು ಬೇಕಾದಾಗ ಮುರಿಯಬಹುದಾದ ಎಫ್‌ಡಿಯಲ್ಲಿ. ಮಧ್ಯದಲ್ಲಿ ಮುರಿದರೆ ಬಡ್ಡಿ ಸ್ವಲ್ಪ ಕಡಿಮೆ ಬರುತ್ತೆ, ಅಸಲಿಗೆ ತೊಂದರೆ ಇಲ್ಲ. ಬ್ಯಾಂಕ್ ಠೇವಣಿಗೆ ಒಬ್ಬ ಗ್ರಾಹಕರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು.

ಇಲ್ಲೊಂದು ಎಚ್ಚರಿಕೆ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ನಮ್ಮ ಊರುಗಳಲ್ಲಿ ಎರಡರ ಬೋರ್ಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಠೇವಣಿ ಇಡೋ ಮುಂಚೆ, 'ನಿಮ್ಮಲ್ಲಿ ಠೇವಣಿ ವಿಮೆ ಇದೆಯಾ?' ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಮಾಮನ ಪಾಲಿಸಿ

ಇದು ಸೂಕ್ಷ್ಮ ವಿಷಯ. ಯಾಕಂದ್ರೆ ಪಾಲಿಸಿ ಮಾರೋರು ನಮ್ಮ ನೆಂಟರೇ ಆಗಿರ್ತಾರೆ. ಅವರ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳಲ್ಲ. ಲೆಕ್ಕ ಮಾತ್ರ ನೋಡೋಣ.

ಒಂದು ಉದಾಹರಣೆ ತಗೊಳ್ಳಿ. ವರ್ಷಕ್ಕೆ 24 ಸಾವಿರದಂತೆ 20 ವರ್ಷ ಕಟ್ಟಿದರೆ, ಕೊನೆಗೆ ಎಂಟೂವರೆ ಲಕ್ಷ ಬರುತ್ತೆ ಅಂದರು ಅಂತಿಟ್ಟುಕೊಳ್ಳಿ. ಕಟ್ಟಿದ್ದು 4 ಲಕ್ಷದ 80 ಸಾವಿರ, ಬರೋದು ಎಂಟೂವರೆ ಲಕ್ಷ. ಕೇಳೋಕೆ ಚೆನ್ನಾಗಿದೆ. ಆದರೆ ಇದು ವರ್ಷಕ್ಕೆ ಶೇ.5ರ ಚೂರು ಮೇಲಿನ ಬಡ್ಡಿ, ಅಷ್ಟೇ. ಅದೇ 24 ಸಾವಿರವನ್ನ ಪ್ರತಿವರ್ಷ ಅಂಚೆ ಕಚೇರಿಯ ಪಿಪಿಎಫ್‌ನಲ್ಲಿ ಹಾಕಿದರೆ, 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ.7.1ರ ದರ ಹಾಗೇ ಇರುತ್ತೆ ಅಂತಿಟ್ಟುಕೊಂಡರೆ, 20 ವರ್ಷಕ್ಕೆ ಹತ್ತೂವರೆ ಲಕ್ಷ ದಾಟುತ್ತೆ. ಪಿಪಿಎಫ್ ಅವಧಿ 15 ವರ್ಷ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು.

ಇನ್ನೊಂದು ತೊಂದರೆ. ಇಂಥ ಪಾಲಿಸಿಯನ್ನ ಮೊದಲ ಕೆಲವು ವರ್ಷಗಳಲ್ಲಿ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಒಂದು ಭಾಗ ಕೈಬಿಟ್ಟು ಹೋಗುತ್ತೆ. ನನ್ನ 2020ರ ಕಥೆ ನೆನಪಿಸಿಕೊಳ್ಳಿ. ಅಂಥ ಹೊತ್ತಲ್ಲಿ ಪ್ರೀಮಿಯಂ ಕಟ್ಟೋಕೆ ಎಲ್ಲಿಂದ ತರೋದು?

ವಿಮೆ ಬೇಡ ಅಂತಲ್ಲ. ನಿಮ್ಮ ಸಂಬಳದ ಮೇಲೆ ಅಪ್ಪ ಅಮ್ಮ ಅವಲಂಬಿಸಿದ್ದರೆ ಟರ್ಮ್ ವಿಮೆ ತಗೊಳ್ಳಿ. ಅವಧಿ ಮುಗಿದಾಗ ಅದು ದುಡ್ಡು ವಾಪಸ್ ಕೊಡಲ್ಲ, ಅದಕ್ಕೇ ಅಗ್ಗ. ಆರೋಗ್ಯ ವಿಮೆಯೂ ಇರಲಿ, ಕಂಪನಿ ಕೊಟ್ಟದ್ದು ಕೆಲಸದ ಜೊತೆಗೇ ಹೋಗುತ್ತೆ. ಮಾಮನಿಗೆ ಏನು ಹೇಳೋದು? "ಮಾಮ, ಟರ್ಮ್ ಪಾಲಿಸಿ ಇದ್ರ ನಿಮ್ಮ ಹತ್ರಾನ ಮಾಡಸ್ತೀನಿ" ಅನ್ನಿ. ಸಂಬಂಧವೂ ಉಳಿಯುತ್ತೆ, ದುಡ್ಡೂ ಉಳಿಯುತ್ತೆ.

ಅವ್ವನ ಚೀಟಿ

ಚೀಟಿಯನ್ನ ಹಗುರವಾಗಿ ನೋಡಬೇಡಿ. ಎಷ್ಟೋ ಮನೆಗಳಲ್ಲಿ ಮದುವೆ, ಕಾಲೇಜ್ ಫೀಸು ಎಲ್ಲ ನಡೆದದ್ದು ಚೀಟಿಯಿಂದಲೇ. ಆದರೆ ಅದು ಹೂಡಿಕೆಗಿಂತ ಹೆಚ್ಚಾಗಿ ಉಳಿತಾಯ ಮತ್ತು ಸಾಲದ ವ್ಯವಸ್ಥೆ. ಹಾಕೋದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆದ ಕಡೆ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಬೀದಿಯ ಚೀಟಿಯಲ್ಲಿ ನಡೆಸೋರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ನಿಮ್ಮ ಕೈಯಲ್ಲಿ ಕಾಗದವೇ ಇರಲ್ಲ.

ಆಪ್ಷನ್ ಗ್ರೂಪು

ಇದಕ್ಕೆ ನನ್ನ ಉತ್ತರ ಚಿಕ್ಕದು. ಇವತ್ತೇ ಗ್ರೂಪಿನಿಂದ ಹೊರಗೆ ಬನ್ನಿ. ಮಾರುಕಟ್ಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ನಷ್ಟ ಆದವರ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ನಮ್ಮ ಕೇಳುಗರ ಏಳೆಂಟು ತಿಂಗಳ ಸಂಬಳ ಅದು. ಗ್ರೂಪಿನಲ್ಲಿ ಲಾಭದ ಸ್ಕ್ರೀನ್‌ಶಾಟ್ ಹಾಕ್ತಾರೆ, ನಷ್ಟದ್ದನ್ನ ಯಾಕೆ ಹಾಕ್ತಾರೆ ಹೇಳಿ.

ಗಲ್ಲಾ ತುಂಬಿದ ಮೇಲೆ

ಆ 57 ಸಾವಿರ ಸೇರಿದ ಮೇಲೆ 5 ಸಾವಿರ ಪೂರ್ತಿ ಹೂಡಿಕೆಗೆ ಹೋಗಲಿ. ಐದು ವರ್ಷದೊಳಗೆ ಬೇಕಾಗೋ ದುಡ್ಡು, ಅಂದರೆ ಮದುವೆ, ಓದು, ತಂಗಿ ಫೀಸು, ಇದೆಲ್ಲ ಆರ್‌ಡಿ, ಎಫ್‌ಡಿಯಲ್ಲೇ ಇರಲಿ. ಏಳೆಂಟು ವರ್ಷ ಮುಟ್ಟಲ್ಲ ಅನ್ನೋದು ಮಾತ್ರ ಇಂಡೆಕ್ಸ್ ಫಂಡ್‌ಗೆ. ದೇಶದ 50 ದೊಡ್ಡ ಕಂಪನಿಗಳ ಷೇರನ್ನ ಒಂದಿಷ್ಟಿಷ್ಟು ಕೊಳ್ಳೋ ಫಂಡ್ ಅದು. 'ಡೈರೆಕ್ಟ್ ಪ್ಲಾನ್' ಅಂತ ಇರೋದನ್ನೇ ಆರಿಸಿ. ಅದರಲ್ಲಿ ಮಧ್ಯವರ್ತಿಯ ಕಮಿಷನ್ ಇರಲ್ಲ.

ಬೇಗ ಶುರು ಮಾಡಿದರೆ ಏನು ಲಾಭ? ತಿಂಗಳಿಗೆ 2 ಸಾವಿರ, ವರ್ಷಕ್ಕೆ ಶೇ.10 ಬಂತು ಅಂತಿಟ್ಟುಕೊಳ್ಳಿ. ಖಾತ್ರಿ ಏನಿಲ್ಲ, ಲೆಕ್ಕಕ್ಕೆ ಮಾತ್ರ. 20 ವರ್ಷಕ್ಕೆ ಸುಮಾರು 15 ಲಕ್ಷ ಆಗುತ್ತೆ, 30 ವರ್ಷಕ್ಕೆ 45 ಲಕ್ಷ. ಆದರೆ ಈ 45 ಲಕ್ಷ ಕೇಳಿ ಕುಣಿಯಬೇಡಿ. ಬೆಲೆಗಳು ವರ್ಷಕ್ಕೆ ಶೇ.6 ಏರಿದರೆ ಇವತ್ತು 100 ರೂಪಾಯಿಗೆ ಸಿಗೋದು ಆಗ 570 ರೂಪಾಯಿ ದಾಟಿರುತ್ತೆ. ಅದಕ್ಕೇ ಸಂಬಳ ಏರಿದಾಗಲೆಲ್ಲ ಎಸ್‌ಐಪಿಯನ್ನೂ ಏರಿಸಬೇಕು.

ಕಡೆಗೆ ಒಂದು ಪ್ರಾಮಾಣಿಕ ಮಾತು. 5 ಸಾವಿರ ಉಳಿಯದವರೂ ಇದನ್ನ ಕೇಳ್ತಿರ್ತೀರಿ. ಸಾವಿರವೇ ಉಳಿದರೂ ಕ್ರಮ ಇದೇ: ಸಾಲ, ತುರ್ತು ಹಣ, ವಿಮೆ, ಆಮೇಲೆ ಹೂಡಿಕೆ. ತಡ ಆಯ್ತು ಅಂತ ನಿಮ್ಮನ್ನ ನೀವೇ ಬೈದುಕೊಳ್ಳಬೇಡಿ.

ನಾನು ಈಗ ಮತ್ತೆ ಎಸ್‌ಐಪಿ ಕಟ್ತಿದ್ದೀನಿ. ಜೊತೆಗೆ ಆರು ತಿಂಗಳ ಖರ್ಚು ಒಂದು ಎಫ್‌ಡಿಯಲ್ಲಿದೆ. ಕಳೆದ ವರ್ಷ ಅಪ್ಪನ ಕಣ್ಣಿನ ಆಪರೇಷನ್‌ಗೆ ಅದರಿಂದಲೇ ತೆಗೆದೆ. ಆ ವಾರ ಮಾರುಕಟ್ಟೆ ಏರಿತ್ತಾ ಇಳಿದಿತ್ತಾ, ನೋಡೋ ಅಗತ್ಯವೇ ಬರಲಿಲ್ಲ.

ನಿಮ್ಮ ಪ್ರಶ್ನೆಗಳನ್ನ ಹೀಗೇ ಕಳಿಸ್ತಾ ಇರಿ. ಸಂಬಳ ಎಷ್ಟು, ತಪ್ಪಿಸಲಾಗದ ಖರ್ಚು ಎಷ್ಟು ಅನ್ನೋದನ್ನೂ ಹೇಳಿದರೆ ಉತ್ತರ ಕೊಡೋಕೆ ಅನುಕೂಲ. ಮುಂದಿನ ವಾರ ಸಿಗೋಣ, ನಮಸ್ಕಾರ.