ಟ್ಯಾಂಕಿಗೆ ಕೈ ಹಾಕೋ ಮುಂಚೆ

ಮೀನಿನ ಟ್ಯಾಂಕಿಗೆ ಕೈ ಹಾಕ್ತೀರಲ್ಲ,
ಪ್ಲಗ್ ಕಿತ್ತಿದೀರಾ?

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ
ಟ್ಯಾಂಕಿಗೆ ತುಂಬೋದು ಹೆಚ್ಚಾಗಿ ಬೋರ್‌ವೆಲ್ ನೀರೇ.
ಲವಣ ಇರೋ ನೀರು.
ಕರೆಂಟು ಸಲೀಸಾಗಿ ಹರಿಯುತ್ತೆ.
ಅದರೊಳಗೆ 230 ವೋಲ್ಟಿನ ಹೀಟರ್, ಫಿಲ್ಟರ್!

ಈಗ ವೈರ್ ನೋಡಿ.
ಮಳೇಲಿ ಬಟ್ಟೆ ಒಣಹಾಕೋ ತಂತಿ ನೆನಪಿಸ್ಕೊಳ್ಳಿ.
ಹನಿ ತಂತಿ ಹಿಡಿದು ಜಾರುತ್ತೆ,
ತಗ್ಗಿರೋ ಕಡೆ ತೊಟ್ಟಿಕ್ಕುತ್ತೆ.
ನಿಮ್ಮ ವೈರೂ ಅಷ್ಟೇ.
ನೇರವಾಗಿ ಸಾಕೆಟ್ಟಿಗೆ ಇಳಿದ್ರೆ, ನೀರೂ ಸಾಕೆಟ್ಟಿಗೇ.
ಅದಕ್ಕೇ ವೈರನ್ನ ಸಾಕೆಟ್ಟಿಗಿಂತ ಕೆಳಗೆ
ಜೋತುಬಿಟ್ಟು, ಮೇಲಕ್ಕೆ ತನ್ನಿ.
ಹನಿ ಅಲ್ಲೇ ನೆಲಕ್ಕೆ ಬೀಳುತ್ತೆ.
ಟ್ಯಾಂಕಿನ ಕೆಳಗೆ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ರೆ,
ಇವತ್ತೇ ಎತ್ತಿ.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ.
ಕರೆಂಟು ಹೋದಾಗ,
ನಮ್ಮ ಕಡೆ ಹೋಗೇ ಹೋಗುತ್ತಲ್ಲ,
ಪೈಪಲ್ಲಿ ನೀರು ವಾಪಸ್ ಬಂದು
ಪಂಪಿಗೇ ನುಗ್ಗಬಹುದು.

ಮನೇಲಿ ಎಂಸಿಬಿ ಇದೆ ಅಂತೀರಾ?
ಅದು ಕಾಯೋದು ವೈರನ್ನ, ನಿಮ್ಮನ್ನಲ್ಲ.
ಮೈಯಲ್ಲಿ ಹರಿಯೋ ಸಣ್ಣ ಸೋರಿಕೆ
ಅದಕ್ಕೆ ಗೊತ್ತೇ ಆಗಲ್ಲ.
ಬೇಕಾಗಿರೋದು ಆ ಸೋರಿಕೆ ಹಿಡಿಯೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.
ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.
ಟ್ರಿಪ್ ಆಗದಿದ್ರೆ,
ಅವತ್ತೇ ಎಲೆಕ್ಟ್ರಿಷಿಯನ್ನ ಕರೀರಿ.