ಲಾಭವನ್ನು ಸೂಚಿಸುವ ಕೆಲವು ಇಂಗ್ಲಿಷ್ ಶಬ್ದಗಳು

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ನಾಣ್ಣುಡಿಯು ನಮ್ಮ ಸೀಮೆಯವರಿಗೆ ಚಿರಪರಿಚಿತವಾದದ್ದು. ಉಜ್ಜಿನಿಯ ದೇವಾಲಯದ ಶಿಲ್ಪವು ಒಳಹೊಕ್ಕವರಿಗೆ ಮಾತ್ರ ತನ್ನ ಚೆಲುವನ್ನು ತೋರಿಸುತ್ತದೆ. ಶಬ್ದಗಳ ರೀತಿಯೂ ಇದೇ. "ಹುಡುಗಿಯನ್ನು ಮುಂದೆ ಓದಿಸುವದರಿಂದ ಲಾಭವೇನು?" ಎಂದು ಪೋಷಕರು ವರ್ಷವರ್ಷವೂ ನಮ್ಮನ್ನು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಈ ಒಂದು ಅರ್ಥಕ್ಕೆ ಇಂಗ್ಲಿಷಿನಲ್ಲಿ ಹಲವು ಶಬ್ದಗಳುಂಟು. ಅವುಗಳನ್ನು ಒಳಹೊಕ್ಕು ನೋಡಿದ ಬಳಿಕ ಉತ್ತರ ಹೇಳುವದು ಲೇಸೆಂದು ನಮಗೆ ತೋರುತ್ತದೆ.

ಎರಡು ಭಾಷೆಗಳ ಮಾತುಗಳನ್ನು ಹೀಗೆ ಎದುರುಬದುರಾಗಿಟ್ಟು ನೋಡುವ ಕೆಲಸವು ಈ ಪ್ರಾಂತಕ್ಕೆ ಹೊಸದಲ್ಲ. ಬಳ್ಳಾರಿಯಲ್ಲಿ ಸೇವೆಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರಡಿಸಿದರು.

ಮೊದಲು 'ಅಡ್ವಾಂಟೇಜ್' ಎಂಬದನ್ನು ತೆಗೆದುಕೊಳ್ಳೋಣ. ಇದರ ಮೂಲವು 'ಮುಂದೆ' ಎಂಬರ್ಥದ ಫ್ರೆಂಚ್ ಶಬ್ದವು. ನಡುವಣ ಡಕಾರವು ಮೂಲದಲ್ಲಿರಲಿಲ್ಲ. ಲ್ಯಾಟಿನಿನ 'ಅಡ್' ಎಂಬ ಉಪಸರ್ಗವು ಇಲ್ಲಿರಬೇಕೆಂಬ ತಪ್ಪು ಎಣಿಕೆಯಿಂದ 16ನೆಯ ಶತಮಾನದಲ್ಲಿ ಸೇರಿಕೊಂಡಿತು. ಟೆನ್ನಿಸ್ ಆಟದಲ್ಲಿ ಇಬ್ಬರೂ ಸಮನಾದಾಗ ಒಂದು ಪಾಯಿಂಟು ಮುಂದಾದವಳಿಗೆ 'ಅಡ್ವಾಂಟೇಜ್' ಎನ್ನುವರು. ಒಬ್ಬಳು ಮುಂದಾಗಬೇಕಾದರೆ ಇನ್ನೊಬ್ಬಳು ಹಿಂದುಳಿಯಲೇಬೇಕೆಂಬ ಭಾವವು ಈ ಶಬ್ದದೊಳಗೆ ಅಡಗಿದೆ.

'ಬೆನಿಫಿಟ್' ಹಾಗಲ್ಲ. ಲ್ಯಾಟಿನಿನಲ್ಲಿ 'ಬೆನೆ' ಎಂದರೆ ಚೆನ್ನಾಗಿ, 'ಫಾಕೆರೆ' ಎಂದರೆ ಮಾಡುವದು. ಆದುದರಿಂದ ಇದರ ಮೊದಲನೆಯ ಅರ್ಥವು ಸತ್ಕಾರ್ಯ, ನಮ್ಮ ಉಪಕಾರ. ಈಗ ನಾವು ಪಡೆಯುವ ವಸ್ತುವಾಗಿರುವದು ಆಗ ಒಬ್ಬರು ಮಾಡುವ ಕೆಲಸವಾಗಿತ್ತು. 'ಪ್ರಾಫಿಟ್' ಇದರ ಒಡಹುಟ್ಟು. 'ಫಾಕೆರೆ'ಗೆ 'ಮುಂದಕ್ಕೆ' ಎಂಬ ಉಪಸರ್ಗವು ಸೇರಿ ಆದ ಶಬ್ದದಿಂದ ಬಂದದ್ದು. ಇಲ್ಲಿ ಮುಂದಾಗುವದು ನೆರೆಯವಳಿಗಿಂತ ಅಲ್ಲ, ತಾನು ಮೊದಲಿದ್ದ ಸ್ಥಿತಿಗಿಂತ. ಪಾಠಶಾಲೆಗಳಲ್ಲಿ ಬಹುಮಾನ ಕೊಡುವಾಗ ಹೇಳುವ 'ಪ್ರೊಫಿಷಿಯೆನ್ಸಿ' ಎಂಬದೂ ಇದೇ ಮೂಲದ್ದು. ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಶಾಲೆಯ ಪ್ರಗತಿಪತ್ರಕ್ಕೂ ಹೀಗೆ ನಂಟಿದೆ.

'ಗೇನ್' ಎಂಬದು ಇನ್ನೂ ಹಳ್ಳಿಯ ಮಾತು. ಹಿಂದೆ ಅದು ಆಹಾರವನ್ನು ಅರಸಿ ಹೋಗುವದನ್ನೂ ಹೊಲವನ್ನು ಸಾಗುಮಾಡುವದನ್ನೂ ಸೂಚಿಸುತ್ತಿತ್ತು. ಉತ್ತು ಬಿತ್ತಿ ಕಾದವರ ಗಳಿಕೆಯದು. ನಮ್ಮ 'ಪ್ರಯೋಜನ'ವೂ ದುಡಿಮೆಯ ಶಬ್ದವೇ. 'ಯುಜ್' ಎಂಬ ಧಾತುವಿಗೆ ಕೂಡಿಸು, ನೊಗಕ್ಕೆ ಹೂಡು ಎಂದು ಅರ್ಥ. ನೊಗಕ್ಕೆ ಇಂಗ್ಲಿಷರು ಹೇಳುವ 'ಯೋಕ್' ಕೂಡ ಆ ಧಾತುವಿನ ಬಳಗದ್ದೇ.

ಕೊನೆಯದಾಗಿ 'ಆಪರ್ಚುನಿಟಿ'. ಹಡಗನ್ನು ಬಂದರಿನ ಕಡೆಗೆ ನಡಿಸುವ ಗಾಳಿಯನ್ನು ಕುರಿತು ರೋಮಿನವರು ಆಡಿದ ಮಾತಿನಿಂದ ಇದು ಹುಟ್ಟಿತು. ನಮ್ಮ ಸೀಮೆಗೆ ಸಮುದ್ರವಿಲ್ಲ, ತುಂಗಭದ್ರೆ ಇದ್ದಾಳೆ. ಸಂಸ್ಕೃತದಲ್ಲಿ 'ಕೂಲ'ವೆಂದರೆ ದಡ. ದಡವನ್ನನುಸರಿಸಿ, ಹರಿವಿನೊಡನೆ ಸಾಗುವದು 'ಅನುಕೂಲ', ಅದಕ್ಕೆ ಎದುರಾದದ್ದು 'ಪ್ರತಿಕೂಲ'. ಆದರೆ ಹರಿವು ಎಷ್ಟೇ ಅನುಕೂಲವಾಗಿದ್ದರೂ ದಡದಲ್ಲಿ ಬೋರಲಾಗಿ ಬಿದ್ದಿರುವ ಹರಿಗೋಲು ತಾನಾಗಿ ಆಚೆಯ ದಡವನ್ನು ಸೇರದು.

ಪೋಷಕರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇವೆ. ವಿದ್ಯೆಯಿಂದ ಹುಡುಗಿಯು ಅಕ್ಕಪಕ್ಕದವರನ್ನು ಹಿಂದೆ ಹಾಕುವಳೋ ಎಂದು ಕೇಳಿದರೆ ನಾವು ಮಾತು ಕೊಡಲಾರೆವು. ನಿನ್ನೆಗಿಂತ ಇಂದು ಒಂದು ಹೆಜ್ಜೆ ಮುಂದಿಡುವಳೋ, ತನ್ನ ಕೈಯಿಂದ ನಾಲ್ವರಿಗೆ ಒಳ್ಳೆಯದನ್ನು ಮಾಡುವಳೋ ಎಂದು ಕೇಳಿದರೆ ಹೌದೆನ್ನುತ್ತೇವೆ. ಈ ಪುಸ್ತಕವನ್ನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ ಅದಕ್ಕೆ ಸಾಕ್ಷಿ. ಆದರೆ ಬಿತ್ತಿದ ಹೊಲವನ್ನು ತೆನೆ ಬರುವ ಮೊದಲೇ ಯಾವ ಒಕ್ಕಲಿಗನೂ ಉತ್ತುಹಾಕುವದಿಲ್ಲ. ಎಂಟನೆಯ ತರಗತಿಯಲ್ಲಿಯೇ ಮಗಳನ್ನು ಶಾಲೆಯಿಂದ ಬಿಡಿಸಬೇಕೆಂದಿರುವವರು ಇದನ್ನು ಒಮ್ಮೆ ಯೋಚಿಸಬೇಕೆಂದು ನಮ್ಮ ವಿಜ್ಞಾಪನೆ.