ಒಂದು ದಿನ, ನಾಲ್ಕು ಊರು, ನಾಲ್ಕು ಪ್ರಶ್ನೆ

ಲಂಡನ್ನಿಗೋ ಪ್ಯಾರಿಸ್ಸಿಗೋ ಪ್ರವಾಸ ಹೊರಟ ಕುಟುಂಬವನ್ನು ಗಮನಿಸಿ. ತಿಂಗಳ ಮೊದಲೇ ನಕ್ಷೆ ಬಿಡಿಸಿಕೊಂಡು ಕೂರುತ್ತಾರೆ. ಬೆಳಿಗ್ಗೆ ಯಾವ ಮ್ಯೂಸಿಯಂ, ಮಧ್ಯಾಹ್ನ ಯಾವ ಸೇತುವೆ, ಸಂಜೆ ಯಾವ ಗೋಪುರ ಎಂದು ಗಂಟೆಗಂಟೆಯ ಲೆಕ್ಕ ಹಾಕುತ್ತಾರೆ. ನಮ್ಮೂರಿನ ವಿಷಯಕ್ಕೆ ಬಂದರೆ ಈ ಶಿಸ್ತು ಎಲ್ಲಿ ಹೋಗುತ್ತದೋ! ಗೊಮ್ಮಟನ ಮುಂದೆ ಒಂದು ಫೋಟೊ, ಕಡಲ ತೀರದಲ್ಲಿ ಒಂದು ಐಸ್‌ಕ್ರೀಂ, ಅಲ್ಲಿಗೆ ಪ್ರವಾಸ ಮುಗಿಯಿತು.

ಕರಾವಳಿಯ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಊರು ಬಿಡುವುದು ಹೊಸತಲ್ಲ. ನಾಳೆ ಹಾಸ್ಟೆಲಿನಲ್ಲಿ ಯಾರಾದರೂ 'ನಿಮ್ಮೂರಿನಲ್ಲಿ ಏನಿದೆ?' ಎಂದು ಕೇಳಿದರೆ ನಿಮ್ಮ ಮಗಳು ಏನು ಹೇಳಿಯಾಳು? ಅವಳು ಊರು ಬಿಡುವ ಮೊದಲು ರಜೆಯ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಿ. ನಾಲ್ಕೇ ಊರು, ಊರಿಗೊಂದೇ ಪ್ರಶ್ನೆ ಸಾಕು.

ಕಾರ್ಕಳ: ಕಲ್ಲು ಹೇಗೆ ಬಂತು?

ಬಿಸಿಲೇರುವ ಮೊದಲೇ ಕಾರ್ಕಳ ತಲುಪಬೇಕು. ಬಂಡೆ ಕಾದರೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ಇಲ್ಲಿನ ಗೊಮ್ಮಟ ಏಕಶಿಲೆಯ ಮೂರ್ತಿ. ಎತ್ತರ ಸುಮಾರು 42 ಅಡಿ. ವೀರಪಾಂಡ್ಯ ಭೈರರಸ ಇದನ್ನು ಪ್ರತಿಷ್ಠಾಪಿಸಿದ್ದು 1432ರಲ್ಲಿ, ಅಂದರೆ ಕೊಲಂಬಸ್ ಅಮೆರಿಕದತ್ತ ಹಡಗು ಹತ್ತುವುದಕ್ಕೆ 60 ವರ್ಷ ಮೊದಲು. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದರು. ಕಾರ್ಕಳದ್ದನ್ನು ಬೇರೆಡೆ ಕಡೆದು, ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದರು ಎಂಬ ಕಥನ ಚಂದ್ರಮ ಕವಿಯ ಕಾವ್ಯದಲ್ಲಿದೆ. ಕ್ರೇನ್ ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಉತ್ತರವನ್ನು ಮಕ್ಕಳೇ ಊಹಿಸಲಿ. ಹಗ್ಗ, ಗಾಲಿ, ಇಳಿಜಾರು ಎಂದು ಅವರು ಪಾಠದ ಭೌತಶಾಸ್ತ್ರವನ್ನೇ ಹೇಳತೊಡಗುತ್ತಾರೆ.

ಎದುರಿನ ಚಿಕ್ಕ ಬೆಟ್ಟದ ಮೇಲೆ 1586ರ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಕಂಬಗಳನ್ನು ಎಣಿಸುವ ಕೆಲಸವನ್ನು ಕಿರಿಯರಿಗೆ ವಹಿಸಿ. ಇಲ್ಲಿನ ಶಿಲ್ಪಕಲೆ ಚರಿತ್ರೆಯ ಪುಟಕ್ಕೇ ನಿಂತಿಲ್ಲ ಎಂಬುದನ್ನೂ ತಿಳಿಸಿ. 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದದ್ದು ಇದೇ ಕಾರ್ಕಳದಲ್ಲಿ.

ಮಣಿಪಾಲ: ಎರಡಾಣೆಯಿಂದ ಏನಾದೀತು?

ಬೈಲೂರು, ಹಿರಿಯಡಕ ದಾರಿಯಾಗಿ ಮಣಿಪಾಲಕ್ಕೆ ಬನ್ನಿ. ಒಂದು ಕಾಲಕ್ಕೆ ಇದು ಬೋಳುಗುಡ್ಡ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವ ಅವರು 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯನ್ನೂ ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿ ಎಂಬ ಮಾತು ನಮ್ಮ ಅಂಗಡಿಮುಂಗಟ್ಟುಗಳಲ್ಲಿ ಉಳಿದಿದೆ. ಡಾ. ಪೈ ಅವರು 1953ರಲ್ಲಿ ಈ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಅಲ್ಲಿನ ಅಂಗರಚನಾ ಮ್ಯೂಸಿಯಂ ಅನ್ನು ದೊಡ್ಡ ಮಕ್ಕಳಿಗೆ ತೋರಿಸಿ. ರೋಗ ತಗಲಿದ ಅಂಗವನ್ನು ಒಮ್ಮೆ ಕಣ್ಣಾರೆ ಕಂಡರೆ ಹತ್ತು ಉಪದೇಶಗಳ ಅಗತ್ಯವಿಲ್ಲ.

ಉಡುಪಿ: ಸರದಿ ಯಾರದು?

ಮಧ್ಯಾಹ್ನಕ್ಕೆ ಉಡುಪಿಯ ರಥಬೀದಿ. ಕನಕನ ಕಿಂಡಿಯ ಕಥೆ ಎಲ್ಲರಿಗೂ ಗೊತ್ತು. ಬೀದಿಯ ಸುತ್ತಲಿನ ಮಠಗಳ ಹೆಸರನ್ನು ಮಕ್ಕಳು ಓದಲಿ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ, ಹೀಗೆ ಎಂಟು. ಎರಡೆರಡು ವರ್ಷಕ್ಕೆ ಒಂದು ಮಠಕ್ಕೆ ಕೃಷ್ಣನ ಪೂಜೆಯ ಹೊಣೆ. ಹಾಗಾದರೆ ಒಂದು ಮಠಕ್ಕೆ ಮತ್ತೆ ಸರದಿ ಬರುವುದು ಎಷ್ಟು ವರ್ಷಕ್ಕೆ? ಹದಿನಾರು ಎಂದು ಲೆಕ್ಕ ಹಾಕಿದ ಮಗು, ಅಧಿಕಾರವನ್ನು ಅವಧಿಗೆ ಸರಿಯಾಗಿ ಬಿಟ್ಟುಕೊಡುವ ಪಾಠವನ್ನೂ ಕಲಿತಂತೆ. ಪರ್ಯಾಯ ಹತ್ತಿರವಾಗಿದ್ದರೆ ರಥದಾಕಾರದಲ್ಲಿ ಪೇರಿಸಿದ ಸೌದೆ ರಾಶಿಯನ್ನು ನೋಡಲು ಮರೆಯಬೇಡಿ. ಸಾವಿರಾರು ಮಂದಿಗೆ ಅನ್ನ ಬೇಯಿಸುವ ಸಿದ್ಧತೆ ಅದು. ಊಟವಾದ ಮೇಲೆ ಅಜ್ಜ ಅಜ್ಜಿಗೆ ಒಂದಿಷ್ಟು ವಿಶ್ರಾಂತಿ ಬೇಕು.

ಕಾಪು: ಬೆಳಕು ಯಾರಿಗೆ?

ಉಡುಪಿಯಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗಿನ ದಾರಿ. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭ ನಿಂತಿದೆ. ಹತ್ತಲು ಬಿಡುವುದು ಸಂಜೆ ಹೊತ್ತು ಮಾತ್ರ. ಲಂಡನ್ನಿನ ಬೆಂಕಿ ಅನಾಹುತದ ಸ್ಮಾರಕ ಸ್ತಂಭವನ್ನು 311 ಮೆಟ್ಟಿಲು ಹತ್ತಿ ನೋಡುವವರಿದ್ದಾರೆ. ಅದು ಆಗಿಹೋದ ಘಟನೆಯ ನೆನಪು. ಕಾಪುವಿನದು ಕಡಲಿನಲ್ಲಿರುವವರಿಗೆ ದಾರಿ ತೋರಲೆಂದೇ ಕಟ್ಟಿದ್ದು. ಸಣ್ಣ ದೀಪದ ಬೆಳಕನ್ನು ಮಸೂರಗಳು ಒಂದುಗೂಡಿಸಿ ದೂರಕ್ಕೆ ಕಳಿಸುವ ಬಗೆಯನ್ನು ಮಕ್ಕಳಿಗೆ ವಿವರಿಸಿ. ಮೀನಿಗೆ ಹೋದ ದೋಣಿಯವರಿಗೆ ಆ ಬೆಳಕು ಎಂದರೆ ಮನೆ ಹತ್ತಿರವಾಯಿತು ಎಂದರ್ಥ. ಮಳೆಗಾಲದಲ್ಲಿ ಬಂಡೆಗಳ ಬಳಿ ಸುಳಿಯಬೇಡಿ; ಇಲ್ಲಿನ ಅಲೆಗಳನ್ನು ನಂಬುವಂತಿಲ್ಲ.

ಎಲ್ಲವನ್ನೂ ನೋಡಿಯೇ ಬರುತ್ತೇವೆಂಬ ಹಟ ಬೇಡ. ನಾಲ್ಕರಲ್ಲಿ ಮೂರೇ ಆದರೂ ಚಿಂತೆಯಿಲ್ಲ. ಮರುದಿನ ಮಕ್ಕಳ ಕೈಗೆ ಒಂದು ನೋಟ್‌ಪುಸ್ತಕ ಕೊಟ್ಟು, ಊರಿಗೊಂದು ಪುಟ ಬರೆಯಲು ಹೇಳಿ. ಪರಊರಿನಲ್ಲಿ ನೆಲೆಸಿದ ಅತ್ತೆಗೋ ಚಿಕ್ಕಪ್ಪನಿಗೋ ಅದೇ ಒಂದು ಒಳ್ಳೆಯ ಕಾಗದವಾದೀತು.